ಗಿಟುಕಾದ ರೇಡಿಯೋ

ನನ್ನ ಮಾವನವರ ಕೈಗೆ ಏನು ಕೊಟ್ಟರೂ ಮೊದಲು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಟಾರ್ಚು, ಕೆಮ್ಮಿನ ಔಷಧಿಯ ಬಾಟಲಿ, ಮದುವೆಯಾದ ಹೊಸದರಲ್ಲಿ ನಾನು ಕೊಟ್ಟ ಗೋಡೆ ಗಡಿಯಾರ, ಯಾವುದಕ್ಕೂ ವಿನಾಯಿತಿ ಇಲ್ಲ. ಆ ಪರೀಕ್ಷೆಯ ನಂತರ ಗಡಿಯಾರ ನಡೆಯಲಿಲ್ಲ. ಮಾವ ದಂಡಿನಶಿವರದ ಕಡೆ ತೆಂಗು ಬೆಳೆದುಕೊಂಡೇ ಮುದುಕರಾದವರು. ತೆಂಗಿನಕಾಯಿ ಅಟ್ಟದ ಮೇಲೆ ವರ್ಷದ ಹತ್ತಿರ ಒಣಗಿ, ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಒಳಗೇ ಗುಂಡಗೆ ಉರುಳತೊಡಗಿದರೆ ಅದು ಗಿಟುಕು. ಅಲ್ಲಾಡಿಸಿದಾಗ ಸದ್ದು ಬಂದರೆ ಆಗಿದೆ, ಬರದಿದ್ದರೆ ಇನ್ನೂ ಹಸಿ. ಲೋಕವನ್ನು ಅಳೆಯಲು ಅವರಿಗೆ ಇದೊಂದೇ ಮಾಪನ.

ನಾನು ಕಿಬ್ಬನಹಳ್ಳಿಯಲ್ಲಿ ಲೋಹ ಕಡೆಯುವ ಲೇತ್ ಇಟ್ಟುಕೊಂಡವನು. ಕಾಯಿ ಸುಲಿಯುವ ಯಂತ್ರದ ಶಾಫ್ಟು, ಪಂಪಿನ ಬುಷ್ಷು, ಟ್ರೈಲರಿನ ಪಿನ್ನು ನನ್ನ ಹೊಟ್ಟೆಪಾಡು. ಗಾಜಿನ ಬುರುಡೆಯಂಥ ವಾಲ್ವುಗಳಿರುವ ಹಳೆಯ ರೇಡಿಯೋಗಳಿಗೆ ಸಿಗದ ಬಿಡಿಭಾಗ ಮಾಡುವುದು ನನ್ನ ಹುಚ್ಚು. ನನ್ನ ವೃತ್ತಿಯಲ್ಲಿ ಒಳಗೆ ಏನಾದರೂ ಲೊಟಗುಟ್ಟಿತೆಂದರೆ ಮಾನ ಹೋದಂತೆ. ಮಾವನಿಗೂ ನನಗೂ ಎಂದೂ ಸರಿಹೋಗದಿದ್ದುದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ.

ಎರಡು ವರ್ಷದ ಹಿಂದೆ ಅವರ ಕಣ್ಣಿನ ನರ ಸೋತು, ಎದುರಿಗಿರುವವರು ನೆರಳಿನಂತೆ ಮಾತ್ರ ಕಾಣತೊಡಗಿದರು. ಟಿವಿ ಬೇಡವಾಯಿತು. ಫೋನಿನ ನುಣುಪು ಗಾಜಿನ ಮೇಲೆ ಬೆರಳಿಗೆ ಏನೂ ಸಿಗುವುದಿಲ್ಲ. ವಾರ್ತೆ ಕೇಳಬೇಕೆಂದರೆ ಮನೆಯಲ್ಲಿ ಯಾರನ್ನಾದರೂ ಕೂಗಬೇಕು, ಕೂಗುವುದು ಅವರ ಜಾಯಮಾನವಲ್ಲ. ಕೂಗುವ ಬದಲು ಸುಮ್ಮನೆ ಕೂರತೊಡಗಿದರು. ನನಗೆ ಆ ಸುಮ್ಮನಿರುವಿಕೆ ಅವರ ಬೈಗುಳಕ್ಕಿಂತ ಸಂಕಟವಾಗುತ್ತಿತ್ತು.

ಒಂದು ದಿನ ಅವರೇ ಕೇಳಿದರು. ಅಟ್ಟದ ಮೇಲೆ ಕಾಯಿರಾಶಿಯ ಹಿಂದೆ ಅವರ ಹಳೆಯ ರೇಡಿಯೋ ಇತ್ತು, ತಲೆದಿಂಬಿನಷ್ಟು ದೊಡ್ಡ ಮರದ ಪೆಟ್ಟಿಗೆ. "ಅದ್ರ ಕಿವಿ ಹಿಂಡೋದು ನನ್ ಬೆರಳಿಗೆ ಗೊತ್ತೈತೆ ಅಳೀಮಯ್ಯ. ಯಾರ್ನೂ ಕೇಳಂಗಿರಲ್ಲ. ಆಯ್ತದಾ ನೋಡು" ಎಂದರು. ಇಪ್ಪತ್ತು ವರ್ಷದಲ್ಲಿ ಅವರು ನನ್ನನ್ನು ಕೇಳಿದ ಮೊದಲ ಕೆಲಸ ಅದು.

ತಿಪಟೂರಿನ ಹಳೆಯ ರೇಡಿಯೋ ಮೆಕ್ಯಾನಿಕ್ ಒಬ್ಬರು ವಿದ್ಯುತ್ತಿನ ಭಾಗ ಸರಿಮಾಡಿಕೊಟ್ಟರು. ಉಳಿದದ್ದು ಲೋಹದ ಕೆಲಸ. ಸ್ಟೇಷನ್ ತಿರುಗಿಸುವ ಗುಂಡಿಯ ಹಿಂದೆ, ಮುಳ್ಳನ್ನು ಎಳೆಯುವ ದಾರ ಸುತ್ತಿಕೊಳ್ಳಲು ಹೆಬ್ಬೆರಳಿನ ಉಗುರಿನಷ್ಟು ಹಿತ್ತಾಳೆ ಚಕ್ರವಿರುತ್ತದೆ. ಅದೇ ಇರಲಿಲ್ಲ. ಪೆಟ್ಟಿಗೆಯಲ್ಲೆಲ್ಲ ಹುಡುಕಿದೆ, ಒಂದು ಮೂಲೆ ಬಿಟ್ಟು. ಆ ಮೂಲೆಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಅದು ಕಟ್ಟಿದ ಕಡೆ ಒಳ್ಳೆಯದಾಗುತ್ತದೆ, ಒಡೆಯಕೂಡದು ಎಂದು ನನ್ನ ಹೆಂಡತಿ ತಾಕೀತು ಮಾಡಿದ್ದಳು. ಕೂದಲೆಳೆಯಷ್ಟು ವ್ಯತ್ಯಾಸಕ್ಕೂ ಸಿಡುಕುವ ನಾನು ಮಣ್ಣುಂಡೆಯೊಂದಕ್ಕೆ ಮರ್ಯಾದೆ ಕೊಟ್ಟು ಬಿಟ್ಟೆ. ಮೆಕ್ಯಾನಿಕ್ ಕೂಡ ಈ ಕಡೆಯವರೇ, ಅವರೂ ಮುಟ್ಟಿರಲಿಲ್ಲ.

ಹನಿ ನೀರಾವರಿಯ ಒಡೆದ ಗೇಟ್ ವಾಲ್ವಿನ ಹಿತ್ತಾಳೆಯಿಂದ ಅಂದಾಜಿನ ಮೇಲೆ ಮೊದಲ ಚಕ್ರ ಕಡೆದೆ. ಮಾವ ಒಬ್ಬರೇ ಬಸ್ಸು ಹತ್ತಿ ಕಿಬ್ಬನಹಳ್ಳಿಗೆ ಬಂದರು. ಕಂಡಕ್ಟರು ಕೈಹಿಡಿದು ಇಳಿಸಲು ಹೋಗಿ ಬೈಸಿಕೊಂಡನಂತೆ. ಲೇತಿನ ಪಕ್ಕ ಕೂತು ಗುಂಡಿ ತಿರುಗಿಸಿದವರು, ಎಡತುದಿಯಿಂದ ಬೆಂಗಳೂರು ಸ್ಟೇಷನ್ನಿಗೆ ಎರಡು ಸುತ್ತು, ಮೇಲೆ ಕಾಲು ಬೇಕು, ಇದು ಒಂದೂವರೆಗೇ ಬಂದುಬಿಡುತ್ತದೆ ಎಂದು ತೀರ್ಪು ಕೊಟ್ಟರು. ನನಗೆ ರೇಗಿತು. ಮೂವತ್ತು ವರ್ಷದ ಹಿಂದಿನ ಕಾಲು ಸುತ್ತು ಯಾರಿಗೆ ನೆನಪಿರುತ್ತದೆ? ಆದರೂ ಅವರ ಲೆಕ್ಕದಂತೆ ಚಕ್ರದ ಸುತ್ತಳತೆಯನ್ನು ಮೂರರಲ್ಲಿ ಒಂದು ಪಾಲು ಇಳಿಸಿದೆ. ಎರಡನೆಯದರಲ್ಲಿ ದಾರ ಜಾರಿತು. ಮೂರನೆಯದು ಕೈತಪ್ಪಿ ಲೋಹದ ಸಿಪ್ಪೆಯ ರಾಶಿಗೆ ಹಾರಿತು, ಇನ್ನೂ ಅಲ್ಲೇ ಇದೆ. ನಾಲ್ಕನೆಯದಕ್ಕೆ ದಾರ ಜಾರದಂತೆ ಸಣ್ಣ ಗೆರೆ ಹೊಡೆದು ಕೂರಿಸಿದೆ. ಎರಡೂಕಾಲು ಸುತ್ತಿಗೆ ಬೆಂಗಳೂರು ಮಾತಾಡಿತು. ಮೂರು ವಾರ ಗಿರಾಕಿಗಳನ್ನು ಕಾಯಿಸಿದ್ದು ಸಾರ್ಥಕವೆನಿಸಿತು.

ಎರಡು ದಿನ ಅಂಗಡಿಯಲ್ಲಿ ಹಾಡಿಸಿ ನೋಡಿ, ಗೋಣಿಯಲ್ಲಿ ಸುತ್ತಿ, ಹೆಂಡತಿಯ ತೊಡೆಯ ಮೇಲಿಟ್ಟು, ಬೈಕಿನಲ್ಲಿ ದಂಡಿನಶಿವರಕ್ಕೆ ತಂದೆ. ರಸ್ತೆಯಲ್ಲಿ ಹಂಪು ಬಂದಾಗಲೆಲ್ಲ ಇಬ್ಬರೂ ಉಸಿರು ಹಿಡಿದೆವು. ಜಗಲಿಯ ಮೇಲೆ ಮಾವನ ಮುಂದಿಟ್ಟು ನಾನು ಪ್ಲಗ್ಗು ಹುಡುಕಲು ತಿರುಗಿದೆ, ಅಷ್ಟೇ. ಅವರು ಪೆಟ್ಟಿಗೆಯನ್ನು ಅನಾಮತ್ತಾಗಿ ಎತ್ತಿ ಕಿವಿಗೆ ಹಿಡಿದು ಅಲ್ಲಾಡಿಸಿದರು. ಒಳಗಿಂದ ಲೊಟಲೊಟ ಸದ್ದು ಬಂತು. ಮಾವನ ಮುಖ ಅರಳಿತು, ನನ್ನದು ಇಳಿಯಿತು.

"ಗಿಟುಕಾಗೈತೆ ಕಣಪ್ಪ" ಎಂದರು.

ವಾಲ್ವೇ ಒಡೆಯಿತೆಂದು ಹಿಂದಿನ ಹಲಗೆ ಬಿಚ್ಚಿದೆ. ವಾಲ್ವು ನೆಟ್ಟಗಿದ್ದವು. ಎರಡು ದಿನ ಹಾಡಿದ ವಾಲ್ವುಗಳ ಕಾವಿಗೆ ಬಿರಿದ ಮಣ್ಣುಗೂಡು ಹಂಪುಗಳಿಗೆ ಕಳಚಿ ಎರಡು ಹೋಳಾಗಿತ್ತು. ನಡುವೆ, ಹುಣಿಸೆಯೊಳಗಿನ ಬೀಜದ ಹಾಗೆ, ಹಳೆಯ ಹಿತ್ತಾಳೆ ಚಕ್ರ. ಮೂರು ವಾರ ನಾನು ಕಡೆದದ್ದು ಮೂರು ವಾರವೂ ಅಲ್ಲೇ ಕೂತಿತ್ತು. ಹೆಂಡತಿಯ ಕಡೆ ನೋಡಿದೆ. ಗೂಡು ಆಗಲೇ ಒಡೆದಿದ್ದರೆ ನೀವು ಚಕ್ರ ಮಾಡುತ್ತಲೇ ಇರಲಿಲ್ಲವಲ್ಲ ಎಂದು ಅವಳು ಸೊಪ್ಪು ಬಿಡಿಸಲು ಒಳಗೆ ಹೋದಳು.

ನಾಚಿಕೆಯಿಂದ ನನ್ನ ಚಕ್ರವನ್ನು ಬಿಚ್ಚಿದೆ, ಹಳೆಯದನ್ನೇ ಹಾಕೋಣವೆಂದು. ಮಾವ ಎರಡನ್ನೂ ಕೇಳಿ ಇಸಿದುಕೊಂಡರು. ಬೆರಳಲ್ಲಿ ಹೊರಳಿಸಿದರು, ಅದಲುಬದಲು ಮಾಡಿದರು, ಮತ್ತೆ ಹೊರಳಿಸಿದರು. "ಇದ್ರಾಗೆ ನಂದ್ಯಾವ್ದು, ನಿಂದ್ಯಾವ್ದು?" ಎಂದು ಕೇಳಿದರು. ಹೊಳೆಯುವುದು ನನ್ನದು ಎಂದೆ, ಅವರಿಗೆ ಹೊಳಪು ಕಾಣದೆಂಬುದನ್ನೇ ಮರೆತು. ಅವರು ನಕ್ಕು, ಹಳೆಯದು ದುಡಿದಿದೆ, ನಿನ್ನದೇ ಹಾಕು ಎಂದರು.

ಹಾಕಿ, ಮಣ್ಣೆಲ್ಲ ತೆಗೆದು, ಮುಚ್ಚಿ ಕೊಟ್ಟೆ. ಮತ್ತೆ ಅಲ್ಲಾಡಿಸಿದರು. ಸದ್ದಿಲ್ಲ.

"ಹಸೀದಾಗೋಯ್ತಲ್ಲ ಅಳೀಮಯ್ಯ."

ವಾದ ಮಾಡಿದೆ. ಯಂತ್ರದೊಳಗೆ ಸದ್ದಿರಬಾರದು ಎಂದು ನನ್ನ ಇಡೀ ವಿದ್ಯೆಯನ್ನು ಹೇಳಿದೆ. ಅವರು ಕೇಳಿಸಿಕೊಂಡು ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿ ಸುಮ್ಮನೆ ಕೂತರು. ಆ ಸುಮ್ಮನಿರುವಿಕೆ ನನಗಾಗದು. ಹಳೆಯ ಚಕ್ರವನ್ನು ವಿಭೂತಿಯ ಪುಟ್ಟ ಪ್ಲಾಸ್ಟಿಕ್ ಡಬ್ಬಿಯೊಳಗೆ ಹಾಕಿ, ತಂತಿಗಳಿಂದ ದೂರಕ್ಕೆ, ಪೆಟ್ಟಿಗೆಯ ಒಳಗೋಡೆಗೆ ಸ್ಕ್ರೂ ಹೊಡೆದೆ. ಲೊಟಗುಟ್ಟಲೆಂದೇ ನಾನು ಕೂರಿಸಿದ ಬಿಡಿಭಾಗ ಅದೊಂದೇ.

ಈಗಲೂ ಬೆಳಿಗ್ಗೆ ಅವರು ಪೆಟ್ಟಿಗೆಯನ್ನು ಒಮ್ಮೆ ಅಲ್ಲಾಡಿಸಿ ನೋಡುತ್ತಾರೆ. ಆಮೇಲೆ ಎರಡು ಸುತ್ತು, ಮೇಲೆ ಕಾಲು. ವಾರ್ತೆ ಬರುತ್ತದೆ. ಯಾರನ್ನೂ ಕೂಗುವುದಿಲ್ಲ.