ಇನ್‌ಸ್ಪೆಕ್ಟರ್ ಸಾಹೇಬರ ಬಿಳಿ ಕಾಲುಚೀಲ

ಸರ್ಕಾರ ಮನೆಯೊಳಗೆ ಕಾಲಿಟ್ಟಿದ್ದನ್ನು ನೀವು ಯಾವತ್ತಾದರೂ ನೋಡಿದ್ದೀರಾ? ನಾನು ನೋಡಿದೆ. ಮೊನ್ನೆ ಮಂಗಳವಾರ, ಯಶವಂತಪುರದ ನಮ್ಮ ಗಲ್ಲಿಯಲ್ಲಿ. ಬಿಳಿ ಕಾಲುಚೀಲ ಹಾಕಿಕೊಂಡು ಬಂದಿತ್ತು.

ಮೊದಲಿಂದ ಹೇಳುತ್ತೇನೆ. ನಮ್ಮ ಗಲ್ಲಿಯ ಹಿಂದೊಂದು ಗೋಡೌನ್. ಒಳಗೆ ಬೆಳೆಗೆ ಹೊಡೆಯುವ ಹುಳದ ಔಷಧಿ ಮೂಟೆಗಳು. ಹೋದ ವಾರ ಅದಕ್ಕೆ ಬೆಂಕಿ ಬಿತ್ತು. ಕಣ್ಣುರಿ, ಕೆಮ್ಮು, ಓಟ. ಇಡೀ ಗಲ್ಲಿ ಎರಡು ದಿನ ಸ್ಕೂಲಿನ ಬೆಂಚುಗಳ ಮೇಲೆ ಸಂಸಾರ ಮಾಡಿತು.

ಸುಳ್ಳು ಹೇಳಬಾರದು, ಫೈರ್ ಇಂಜಿನ್ ಬೇಗ ಬಂತು. ರಸ್ತೆ ತೊಳೆದರು. ಚರಂಡಿಗೆ ಬ್ಲೀಚಿಂಗ್ ಪೌಡರ್ ಸುರಿದರು (ನಮ್ಮ ಚರಂಡಿ ಅಷ್ಟು ಬೆಳ್ಳಗಿದ್ದದ್ದನ್ನು ನಾನು ಕಂಡೇ ಇಲ್ಲ). ಮೂರನೇ ದಿನ ಆಟೋಗೆ ಮೈಕ್ ಕಟ್ಟಿ ಕೂಗಿದರು: "ಯಾವ ಅಪಾಯವೂ ಇಲ್ಲ, ಎಲ್ಲರೂ ಮನೆಗೆ ಹೋಗಿ." ಹೋದೆವು.

ಆದರೆ ಹೊಗೆ ರಸ್ತೆಯಲ್ಲೇ ನಿಲ್ಲುತ್ತದೆಯೇ? ನಮ್ಮವೆಲ್ಲ ಹೆಂಚಿನ ಮನೆಗಳು. ಹೊಗೆಯ ಜೊತೆ ಬಂದು ಸಂದಿಯಲ್ಲಿ ಕೂತ ಔಷಧಿಯ ಪುಡಿ ಗಾಳಿ ಬೀಸಿದಾಗಲೆಲ್ಲ ಉದುರುತ್ತದೆ. ಪಕ್ಕದ ಮನೆಯ ಜುಲೇಖಾಬಿ ದಿನಕ್ಕೆ ನಾಲ್ಕು ಸಲ ಗುಡಿಸಿದರು. ಗುಡಿಸಿದಷ್ಟೂ ಅದು ಎದ್ದು ಹಾಸಿಗೆ ಮೇಲೆ ಕೂತಿತು. ಅವರ ಮೊಮ್ಮಗನಿಗೆ ಎಂಟು ತಿಂಗಳು. ಈಗಷ್ಟೇ ಅಂಬೆಗಾಲು, ಸಿಕ್ಕಿದ್ದೆಲ್ಲ ಬಾಯಿಗೆ. ತಾಯಿ, ಮಗು ಇಬ್ಬರನ್ನೂ ಆರ್.ಟಿ. ನಗರದ ನೆಂಟರ ಮನೆಯಲ್ಲಿ ಬಿಟ್ಟಿದ್ದರು.

ಆಗ ಬಂದರು ಹೆಲ್ತ್ ಇನ್‌ಸ್ಪೆಕ್ಟರ್. ಜುಲೇಖಾಬಿಯವರ ಹೊಸ್ತಿಲಾಚೆಯೇ ನಿಂತು ಫೈಲು ಬಿಚ್ಚಿದರು.

"ಮಗೂನ ಕರ್ಕೊಂಡ್ ಬರ್ಲಾ, ಬೇಡ್ವಾ? ಅದೊಂದ್ ಹೇಳಿ ಸಾರ್," ಅಂದರು ಆಕೆ.

"ಧಾರಾಳವಾಗಿ ಕರ್ಕೊಂಡ್ ಬನ್ನಿ ಅಮ್ಮ. ಹೊರಗಡೆ ಎಲ್ಲಾ ಕ್ಲೀನ್ ಮಾಡ್ಸಿದೀವಲ್ಲ."

"ಒಳಗಡೆ?"

"ಒಳಗಡೇದು ನಮಗೆ ಬರಲ್ಲಮ್ಮ. ಅದಕ್ಕೆ ಫಾರಮ್ಮೇ ಇಲ್ಲ."

ನನಗೆ ರೇಗಿತು. "ಫಾರಂ ಮನೆ ಹಾಳಾಗ್ಲಿ ಸ್ವಾಮಿ, ಒಂದ್ಸಲ ಒಳಗೆ ಬಂದು ನೋಡ್ರೀ," ಅಂದೆ. ಮನುಷ್ಯ ಮರ್ಯಾದಸ್ಥರು. ಬೂಟು ಬಿಚ್ಚಿಟ್ಟು ಒಳಗೆ ಬಂದರು. ಅಡುಗೆಮನೆ ತನಕ ಓಡಾಡಿದರು. "ಎಲ್ರೀ ಇದೆ ಪುಡಿ? ನೆಲ ಕನ್ನಡಿ ಥರ ಇಟ್ಕೊಂಡಿದಾರೆ!"

ಬೂಟು ಹಾಕಿಕೊಳ್ಳಲು ಜಗಲಿ ಮೇಲೆ ಕೂತು ಕಾಲೆತ್ತಿದರು. ಬಿಳಿ ಕಾಲುಚೀಲದ ಅಡಿ ಪೂರ್ತಿ ಬೂದು ಬಣ್ಣ. ಮೂಸಿದರು. ಗೋಡೌನಿನದೇ ವಾಸನೆ.

ಕಾಲುಚೀಲ ಎರಡನ್ನೂ ತುದಿಬೆರಳಲ್ಲಿ ಹಿಡಿದು ಚರಂಡಿಗೆ ಬಿಟ್ಟರು. ನಮ್ಮ ನಲ್ಲಿಯಲ್ಲಿ ಸೋಪು ಕೇಳಿ ಇಸಕೊಂಡು ಕಾಲು ತೊಳೆದರು, ಎರಡು ಸಲ. ಆಮೇಲೆ ಫೈಲಿನಲ್ಲಿ "ಅಪಾಯವಿಲ್ಲ" ಅಂತ ಬರೆದು ರುಜು ಹಾಕಿದರು ("ಅದು ಹೊರಗಡೇದು ಕಣ್ರೀ" ಅಂತ ನನಗೆ ಸಮಜಾಯಿಷಿ ಬೇರೆ).

ಅವರೊಬ್ಬರನ್ನು ಬೈದು ಏನು ಪ್ರಯೋಜನ? ಬೆಂಕಿಗೆ ಇಂಜಿನ್ ಇಟ್ಟುಕೊಂಡ ಸರ್ಕಾರಕ್ಕೆ, ಬೆಂಕಿ ಆರಿದ ಮೇಲೆ ಮನೆಯೊಳಗೆ ಏನು ಉಳಿಯಿತು ಅಂತ ನೋಡಲು ಒಬ್ಬ ತಿಳಿದವರನ್ನು ಇಟ್ಟುಕೊಳ್ಳಲು ಆಗುವುದಿಲ್ಲವೇ? ಖಂಡಿತ ಆಗುತ್ತದೆ. ಗುಡಿಸಬೇಕೋ, ಒದ್ದೆ ಬಟ್ಟೆಯಲ್ಲಿ ಒರೆಸಬೇಕೋ? ಡಬ್ಬದ ಅಕ್ಕಿ ಎಸೆಯಬೇಕೋ, ಉಣ್ಣಬೇಕೋ? ಇಷ್ಟನ್ನು ಮೊದಲೇ ತಿಳಿದು ಬರೆದಿಟ್ಟುಕೊಂಡರೆ ಸಾಕು. ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ನಮ್ಮ ಹಳೇ ಚಾಳಿ ಬಿಡಬೇಕು, ಅಷ್ಟೇ.

ಜುಲೇಖಾಬಿ ಅವತ್ತೇ ಆರ್.ಟಿ. ನಗರಕ್ಕೆ ಹೇಳಿ ಕಳಿಸಿದರು: ಮಗು ಅಲ್ಲೇ ಇರಲಿ. ಎಷ್ಟು ದಿನ ಅಂತ ಮಾತ್ರ ಆಕೆಗೂ ಗೊತ್ತಿಲ್ಲ.

ಇನ್‌ಸ್ಪೆಕ್ಟರ್ ಸಾಹೇಬರೇನೋ ಕಾಲುಚೀಲ ಎಸೆದು ಹೋದರು. ಅಂಬೆಗಾಲಿಡುವ ಕೂಸು ತನ್ನ ಅಂಗೈಯನ್ನು ಎಲ್ಲಿ ಎಸೆಯಬೇಕು?