ಮೂರನೆಯ ಮಹಡಿಯ ಬಾಗಿಲು

ನಾನು ಮೊದಲಿನಿಂದಲೂ ಅಂಜುಬುರುಕಿ. ಬೀದರಿನ ಆ ನಾಲ್ಕು ಮಹಡಿಯ ಅಪಾರ್ಟ್‌ಮೆಂಟಿಗೆ ಮ್ಯಾನೇಜರ್ ಆದ ಮೇಲಂತೂ ಫೋನ್ ಗುಂಯ್ ಎಂದರೆ ಸಾಕು, ಎದೆ ಝಲ್ ಎನ್ನುತ್ತಿತ್ತು. ನೀರು ಬರಲಿಲ್ಲ, ಕಸ ಒಯ್ಯಲಿಲ್ಲ, ಮೆಟ್ಟಿಲಿನ ದೀಪ ಹೋಗಿದೆ, ಯಾರೋ ಗಾಡಿ ಅಡ್ಡ ನಿಲ್ಲಿಸಿದ್ದಾರೆ. ಹದಿನಾರು ಮನೆ, ಹದಿನಾರು ಥರದ ಸಿಟ್ಟು. ಬೆಳಿಗ್ಗೆ ನಮ್ಮೂರು ಸಂತಪುರದಲ್ಲಿ ಔರಾದಿನಿಂದ ಬರುವ ಬಸ್ಸು ಹತ್ತುವಾಗಲೇ ಅಂದಿನ ದೂರುಗಳನ್ನು ಎಣಿಸತೊಡಗುತ್ತಿದ್ದೆ.

ಸೇವೆ ಸುಧಾರಿಸಬೇಕೆಂದು ಮಾಲೀಕರು ಒಂದು ನಿಯಮ ತಂದರು. ಪ್ರತಿ ದೂರನ್ನೂ ರಿಜಿಸ್ಟರಿನಲ್ಲಿ ಬರೆಯಬೇಕು. ಅದೇ ಸಂಜೆಯೊಳಗೆ ಅದರ ಮುಂದೆ ‘ಮುಗಿದಿದೆ’ ಎಂದು ಬರೆದು ಸಹಿ ಹಾಕಬೇಕು. ಆ ಪುಟದ ಫೋಟೊ ವಾಟ್ಸಾಪ್ ಗುಂಪಿಗೆ ಹೋಗಬೇಕು. ಮುಗಿಯದ ದೂರುಗಳು ಉಳಿದರೆ ಬೇರೆ ಯಾರನ್ನಾದರೂ ಇಟ್ಟುಕೊಳ್ಳುತ್ತೇನೆ ಎಂದು ಕೊನೆಗೊಂದು ಮಾತು ಸೇರಿಸಿದರು, ನಗುನಗುತ್ತಲೇ.

ಅಂದು ಮಧ್ಯಾಹ್ನ ನಾನು ಮೂರನೆಯ ಮಹಡಿಯ ಅಜ್ಜಿಯ ಮುಂದೆ ಕುಳಿತು ನೌಕರಿ ಹೋಗುತ್ತದೆಂದು ಅತ್ತುಬಿಟ್ಟೆ. ಅವರನ್ನು ನಾವೆಲ್ಲ ಆಯಿ ಎನ್ನುತ್ತಿದ್ದೆವು. ಆಯಿ ಠಾಣಾ ಕುಶನೂರಿನವರು, ಕಾಲೇಜಿನಲ್ಲಿ ಪಾಠ ಹೇಳುವ ಮಗಳ ಜೊತೆ ಇದ್ದರು. ಒಂದು ಕಣ್ಣಿಗೆ ಪೊರೆ ಬಂದಿತ್ತು, ಕೈಯಲ್ಲಿ ಯಾವಾಗಲೂ ಕೋಲು. “ಅಳಬ್ಯಾಡ ಯವ್ವಾ, ಚಾ ಕುಡಿ ಮೊದ್ಲ” ಎಂದು ಬಸಿಯಲ್ಲಿ ಚಹಾ ಸುರಿದು ಕೊಟ್ಟರು. ಆ ಅಳು ಎಷ್ಟು ದುಬಾರಿಯಾದೀತೆಂದು ಆಗ ನನಗೆ ತಿಳಿದಿರಲಿಲ್ಲ.

ನಿಯಮ ಚೆನ್ನಾಗಿ ನಡೆಯಿತು. ಪುಟದ ತುಂಬ ‘ಮುಗಿದಿದೆ’. ಗುಂಪಿನಲ್ಲಿ ಕೈಮುಗಿದ ಚಿತ್ರಗಳು. ನಾನೂ ಸ್ವಲ್ಪ ಉಬ್ಬಿದ್ದೆ, ಸುಳ್ಳೇಕೆ.

ಬೇಸಿಗೆಯ ಒಂದು ಬೆಳಿಗ್ಗೆ ಆಯಿ ಕೆಳಗೆ ಬಂದವರು ನನ್ನ ಮೇಜಿನ ಹತ್ತಿರ ನಿಂತರು. “ಲಿಫ್ಟ್ ಇನ್ನಾ ಬಂದೇ ಇರಲ್ಲ, ನಮ್ಮ ಮಹಡಿ ಬಾಗಿಲಾ ಜಗ್ಗಿದ್ರ ತೆರಕೋತದ ನೋಡು.” ನಮ್ಮದು ಕೈಯಿಂದ ಎಳೆದು ತೆರೆಯುವ ಹಳೆಯ ಲಿಫ್ಟ್. ಅದು ಬಂದು ನಿಲ್ಲುವವರೆಗೆ ಆ ಮಹಡಿಯ ಬಾಗಿಲನ್ನು ಒಳಗಿನ ಲಾಕ್ ಹಿಡಿದಿಟ್ಟುಕೊಳ್ಳಬೇಕು. ಇದು ನನಗೆ ಗೊತ್ತಿತ್ತು. ತಕ್ಷಣ ಭಾಲ್ಕಿಯ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಅವನು ಮಧ್ಯಾಹ್ನ ಬಂದ, ಮೇಲೆ ಹೋದ, ಎಣ್ಣೆ ಬಿಟ್ಟ, ಇಳಿದು ಬರುತ್ತಲೇ “ಆಗ್ಯಾದ್ರಿ ಮೇಡಂ” ಎಂದು ಬಸ್ಸಿಗೆ ಓಡಿದ. ಖಾತ್ರಿ ಮಾಡಿಕೊಳ್ಳಲು ಆಯಿಗೂ ಫೋನ್ ಮಾಡಿ ಕೇಳಿದೆ.

“ಆಗ್ಯಾದ ಯವ್ವಾ. ನೀ ಫಿಕರ್ ಮಾಡಬ್ಯಾಡ.”

ಸಂಜೆ ರಿಜಿಸ್ಟರಿನಲ್ಲಿ ಮುಗಿದಿದೆ ಎಂದು ಬರೆದೆ. ಮೂರು ಮಹಡಿ ಹತ್ತಿ ಒಮ್ಮೆ ಬಾಗಿಲು ಎಳೆದು ನೋಡಲು ಎರಡು ನಿಮಿಷ ಸಾಕಿತ್ತು. ನನ್ನ ಬಸ್ಸಿಗಿನ್ನೂ ಅರ್ಧ ಗಂಟೆ ಇತ್ತು.

ಮೂರನೆಯ ದಿನ, ಊಟದ ಹೊತ್ತು. ನನ್ನ ಮೇಜು ಕೆಳಗೆ ಲಿಫ್ಟಿನ ಪಕ್ಕದಲ್ಲೇ. ಲಿಫ್ಟ್ ನಾಲ್ಕನೆಯ ಮಹಡಿಯಲ್ಲಿತ್ತು. ಗೋಡೆಯ ಹಿಂದೆ, ಎತ್ತರದಲ್ಲಿ, ಏನೋ ಬಡಿದ ಸದ್ದು. ಮತ್ತೊಮ್ಮೆ ಬಡಿಯಿತು. ಆಮೇಲೆ ನನ್ನ ಬೆನ್ನ ಹಿಂದೆಯೇ, ಲಿಫ್ಟಿನ ತಳದ ಗುಂಡಿಯಲ್ಲಿ, ದಬ್ ಎಂದು ಏನೋ ಬಿತ್ತು.

ಲಿಫ್ಟಿನ ಬಾಗಿಲಿಗೆ ಅಂಗೈಯಗಲದ ಗಾಜಿದೆ. ಅದರಲ್ಲಿ ಇಣುಕಿದ್ದರೆ ಗೊತ್ತಾಗುತ್ತಿತ್ತು. ನನಗೆ ಇಣುಕುವ ಧೈರ್ಯವಾಗಲಿಲ್ಲ. ಮೆಟ್ಟಿಲ ಕಡೆ ಓಡಿದೆ.

ಮೊದಲ ಮಹಡಿ ಮುಟ್ಟುವವರೆಗೆ ನನ್ನ ತಲೆಯಲ್ಲಿ ಆಯಿ ಇರಲಿಲ್ಲ. ರಿಜಿಸ್ಟರ್ ಇತ್ತು. ಅದರಲ್ಲಿ ನನ್ನ ಸಹಿ ಇತ್ತು. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಎರಡನೆಯ ಮಹಡಿಯಲ್ಲಿ ಯಾರದೋ ಮನೆಯ ಕುಕ್ಕರ್ ಸೀಟಿ ಹೊಡೆಯಿತು, ನಾನು ಚೀರಿಬಿಟ್ಟೆ. ಕಂಬಿ ಹಿಡಿದು, ದೇವರೇ ಕೂಗು ಕೇಳಿಸಲಿ, ಯಾರದಾದರೂ ಕೂಗು ಕೇಳಿಸಲಿ ಎಂದು ಬೇಡಿಕೊಂಡೆ. ಮೇಲಿನಿಂದ ಉಸಿರೂ ಕೇಳಲಿಲ್ಲ.

ಮೂರನೆಯ ಮಹಡಿಯಲ್ಲಿ ಆಯಿ ನೆಲದ ಮೇಲೆ ಕುಳಿತಿದ್ದರು. ಅವರ ಮುಂದೆ ಬಾಗಿಲು ಪೂರ್ತಿ ತೆರೆದಿತ್ತು, ಆಚೆ ಬರೀ ಕತ್ತಲೆ. ಹೊಸ್ತಿಲಿಗೂ ಅವರ ಕಾಲ ಹೆಬ್ಬೆರಳಿಗೂ ನಡುವೆ ಒಂದು ಗೇಣು ಜಾಗವೂ ಇರಲಿಲ್ಲ. ಅವರನ್ನು ಹಿಂದಕ್ಕೆಳೆದು ಬಾಗಿಲು ದೂಡಿ ಅದಕ್ಕೆ ಬೆನ್ನು ಕೊಟ್ಟು ಕುಸಿದೆ.

“ಕೋಲ್ ಬಿತ್ತು” ಎಂದರು ಆಯಿ. “ಮೊದ್ಲ ಕೋಲ್ ಇಟ್ನಿ. ಕೆಳಗ ನೆಲಾನೇ ಹತ್ತಲಿಲ್ಲ.”

“ಆಗ್ಯಾದ ಅಂತ ಯಾಕ ಹೇಳಿದ್ರಿ ಆಯಿ?”

“ನೌಕರಿ ಹೋಗ್ತದಂತ ನೀನೇ ಅತ್ತಿದ್ದಿಲ್ಲೇನು? ನಾ ಹುಷಾರಿ ಇರ್ತೇನಿ ಅಂದ್ಕೊಂಡ್ನಿ.”

ನನಗೆ ಕೆಟ್ಟ ಸಿಟ್ಟು ಬಂತು. ಬೈಯಲು ಬಾಯಿ ತೆರೆದವಳು ಅವರ ಕೈ ಹಿಡಿದು ಗೋಳೋ ಎಂದು ಅತ್ತೆ. ಮೆಕ್ಯಾನಿಕ್ ಬಸ್ಸು ತಪ್ಪೀತೆಂದು ಹೆದರಿ ಆಗಿದೆ ಎಂದಿದ್ದ, ಆಯಿ ನನಗಾಗಿ ಹೆದರಿ ಆಗಿದೆ ಎಂದಿದ್ದರು, ನಾನು ಮಾಲೀಕರಿಗೆ ಹೆದರಿ ಬರೆದಿದ್ದೆ.

ಲಿಫ್ಟಿನ ಮೇನ್ ಸ್ವಿಚ್ ಆರಿಸಿ ನಾಲ್ಕೂ ಮಹಡಿಯಲ್ಲಿ ಬಾಗಿಲಿಗೆ ಹಗ್ಗ ಬಿಗಿದೆ. ನಮ್ಮಪ್ಪ ಸಂಜೆ ಕುರಿಗಳನ್ನು ದೊಡ್ಡಿಗೆ ಬಿಡುವಾಗ ಒಂದೊಂದರ ಬೆನ್ನು ಮುಟ್ಟಿ ಎಣಿಸುತ್ತಾನೆ. ಕಣ್ಣಿಗೆ ಕಾಣುವುದಿಲ್ಲವೇನು ಎಂದು ನಾನು ಕಾಡಿಸುತ್ತಿದ್ದೆ. ಅಂದು ಒಂದೊಂದು ಗಂಟನ್ನೂ ಜಗ್ಗಿ ನೋಡಿಯೇ ಇಳಿದೆ. ಬಸ್ಸು ತಪ್ಪಿತು.

ಮರುದಿನ ಮೆಕ್ಯಾನಿಕ್ ಬಂದಾಗ ಅವನ ಬೆನ್ನ ಹಿಂದೆಯೇ ನಿಂತಿದ್ದೆ. ಹೊಸ ಲಾಕ್ ಕೂಡಿಸಿದ ಮೇಲೆ ಗುಂಡಿಗಿಳಿದು ಮೊದಲು ಆಯಿಯ ಕೋಲು ಕೊಟ್ಟ, ಅದು ನಡುವೆ ಸೀಳಿಹೋಗಿತ್ತು. “ಇದೂ ಅದರಿ” ಎಂದು ಇನ್ನೊಂದನ್ನು ಮೇಲಕ್ಕೆ ಚಾಚಿದ. ಧೂಳು ಮೆತ್ತಿದ ಗುಲಾಬಿ ಬಣ್ಣದ ಚಪ್ಪಲಿ. ನನ್ನ ಅಂಗೈಗಿಂತ ಚಿಕ್ಕದು.

ಅದನ್ನು ಹಿಡಿದು ಮನೆಮನೆಗೆ ಹೋದೆ. ಆಯಿಯ ಎದುರು ಮನೆಯ ತಾಯಿ ನೋಡುತ್ತಲೇ ಗುರುತಿಸಿದರು.

“ಅಯ್ಯ, ಎಲ್ಲಿ ಸಿಕ್ತುರಿ? ದಸರಾದಾಗ ನಮ್ಮ ಹುಡುಗಿ ಒಂದೇ ಚಪ್ಪಲ್ ಹಾಕೊಂಡು ಬಂದಿದ್ಳು. ಕಳಕೊಂಡು ಬಂದೀ ಅಂತ ಎರಡು ಏಟು ಹಾಕಿದ್ನಿ.”

ದಸರಾ. ಆರು ತಿಂಗಳ ಹಿಂದೆ. ಎಲ್ಲಿ ಸಿಕ್ಕಿತೆಂದು ನಾನು ಹೇಳುವ ಮೊದಲೇ ಒಳಗಿನಿಂದ ನಾಲ್ಕು ವರ್ಷದ ಮಗಳು ಓಡಿ ಬಂದಳು. “ನಾ ಹೇಳಿದ್ನಲ್ಲ ಮಮ್ಮಿ, ಲಿಫ್ಟ್‌ನಾಗ ಬಿತ್ತಂತ. ಬಾಗಿಲಾ ಜಗ್ಗಿ ಆಟ ಆಡ್ಲಕತ್ತಿದ್ನಿ.”

ತಾಯಿ ಒಮ್ಮೆ ಲಿಫ್ಟಿನ ಕಡೆ, ಒಮ್ಮೆ ನನ್ನ ಕಡೆ ನೋಡಿದರು. ಹೊಸ್ತಿಲಲ್ಲೇ ಕುಳಿತು ಮಗಳ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು, ಧೂಳನ್ನೂ ಒರೆಸದೆ, ಆ ಚಪ್ಪಲಿಯನ್ನು ತೊಡಿಸಲು ನೋಡಿದರು. ಅದು ಕಾಲಿಗೆ ಹಿಡಿಯಲಿಲ್ಲ. ಹುಡುಗಿಯ ಕಾಲು ಬೆಳೆದಿತ್ತು.