ಎಂಆರ್‌ಐ ಕೋಣೆಯ ಹೊರಗೆ ಅರಿಶಿನದ ಕೊಂಬು

ಬೆಳಗಿನ ಆರು ಗಂಟೆ. ಮಹಾರಾಷ್ಟ್ರ ಗಡಿಯ ಮಿರಜದ ಒಂದು ಕ್ಯಾನ್ಸರ್ ಆಸ್ಪತ್ರೆಯಲ್ಲಿ, ಎಂಆರ್‌ಐ ಕೋಣೆಯ ಹೊರಗೆ, ಆಯಾ ಸಂಗವ್ವ ನೆಲ ಒರೆಸಿ, ಕೈ ತೊಳೆದು, ಅರಿಶಿನದ ಕೊಂಬುಗಳಿಗೆ ಹತ್ತಿಯ ದಾರ ಕಟ್ಟುತ್ತ ಕೂತಿದ್ದಾರೆ. ಕೊಂಬು ಸಾಂಗಲಿ ಪೇಟೆಯದು. ಇದು ಯಾರೂ ಹೇಳಿ ಮಾಡಿಸಿದ ಕೆಲಸವಲ್ಲ.

ಯಂತ್ರದ ಹತ್ತಿರ ಲೋಹ ಹೋಗಬಾರದು. ಅಥಣಿ, ಜಮಖಂಡಿ ಕಡೆಯಿಂದ ಬರುವ ಹೆಂಗಸರು ಓಲೆ, ಕಾಲುಂಗುರ ಬಿಚ್ಚುತ್ತಾರೆ. ತಾಳಿಗೆ ಬಂದಾಗ ಕೈ ನಿಲ್ಲುತ್ತದೆ. "ಬರಿ ಕೊರಳಾಗ ಮಲಕೋ ಅಂದ್ರ ಯಾರ ಮಲಗತಾರ್ರಿ? ಮೊದಲ ಕೊಂಬ ಕಟ್ಟೂದು, ಆಮ್ಯಾಲೆ ತಾಳಿ ತಗಿಯೂದು," ಎನ್ನುತ್ತಾರೆ ಸಂಗವ್ವ. ಕಟ್ಟುವುದು ಗಂಡ, ಇಲ್ಲವೇ ಜೊತೆಗೆ ಬಂದ ಮುತ್ತೈದೆ. ಸಂಗವ್ವ ಕಟ್ಟುವುದಿಲ್ಲ. ಗಂಡ ಕಾಡಪ್ಪ ತೀರಿಕೊಂಡು, ಹೊಲ ಮೈದುನರ ಪಾಲಾದ ಮೇಲೆಯೇ ಅವರು ಈ ಕೆಲಸಕ್ಕೆ ಸೇರಿದ್ದು. ಲಿಂಗನೂರಿನಿಂದ ಮೊದಲ ಬಸ್ಸಿಗೆ ಬರುತ್ತಾರೆ. ದಿನಕ್ಕೆ ಹತ್ತು-ಹನ್ನೆರಡು ರೋಗಿಗಳು. ಮರಾಠಿ ಬರದವರಿಗೆ ಡಾಕ್ಟರ ಮಾತು ತಿಳಿಸುವುದೂ ಅವರೇ.

ಇವತ್ತು ಮೊದಲ ಸರದಿ ಐನಾಪುರದ ಮಂಗಲಾ ಅವರದು. ಎದೆಯಲ್ಲಿ ಗಡ್ಡೆ. ನಿನ್ನೆ ರಕ್ತನಾಳಕ್ಕೆ ಕಬ್ಬಿಣದ ಅತಿಸೂಕ್ಷ್ಮ ಕಣಗಳ ಔಷಧ ಕೊಟ್ಟಿದ್ದಾರೆ. ಕಂಕುಳಿನ ಆರೋಗ್ಯವಾದ ಗ್ರಂಥಿಗಳು ಆ ಕಣ ಹೀರಿ ಚಿತ್ರದಲ್ಲಿ ಕಪ್ಪಾಗುತ್ತವೆ. ರೋಗ ಹೊಕ್ಕದ್ದು ಬೆಳ್ಳಗೆ ಉಳಿಯುತ್ತದೆ. ಎಷ್ಟು ಕೊಯ್ಯಬೇಕೆಂಬುದು ಅದನ್ನು ನೋಡಿ ತೀರ್ಮಾನ. ಚಿತ್ರ ಇಂದೇ ಆಗಬೇಕು, ತಪ್ಪಿದರೆ ನಿನ್ನೆಯ ಔಷಧ ವ್ಯರ್ಥ.

"ಮೈಮ್ಯಾಲಿನ ಬಂಗಾರ ತಗಿ ಅಂತೀರಿ, ಮೈಯಾಗ ಕಬ್ಬಿಣ ತುಂಬತೀರಿ. ಚಲೋ ದವಾಖಾನಿ!" ಎನ್ನುತ್ತಾರೆ ಮಂಗಲಾ.

"ಒಳಗಿನ ಕಬ್ಬಿಣ ತೋರಸಾಕ ಹೊಂಟಿ, ಬಂಗಾರ ತೋರಸಾಕಲ್ಲ. ತಗಿ ಯವ್ವಾ."

ಮಂಗಲಾ ತಾಳಿ ಹಿಡಿದುಕೊಂಡೇ ಕೂತಿದ್ದಾರೆ. ಊರಿಂದ ಬರಬೇಕಾದ ಗಂಡ ಬಂದಿಲ್ಲ, ಫೋನು ಹತ್ತುತ್ತಿಲ್ಲ. ಹೊರಗೆ ಬೇರೆ ಹೆಂಗಸರೂ ಇಲ್ಲ. ಯಂತ್ರ ನಡೆಸುವ ಕೇತನ ಬಾಗಿಲಲ್ಲಿ ನಿಂತು, "ಮಾವಶಿ, ಲವಕರ!" ಎಂದು ಮರಾಠಿಯಲ್ಲಿ ಸಂಗವ್ವನಿಗೆ ಅವಸರ ಮಾಡುತ್ತಾನೆ.

"ನೀವ ಕಟ್ರಿ, ಮಾವಶಿ," ಎನ್ನುತ್ತಾರೆ ಮಂಗಲಾ.

"ನಾ ಕಟ್ಟಬಾರದವ್ವಾ. ನಮ್ಮವರು ಇಲ್ಲ."

ಮಂಗಲಾ ಸಂಗವ್ವನ ಕುಂಕುಮವಿಲ್ಲದ ಹಣೆ ನೋಡುತ್ತಾರೆ. "ನಿನ್ನೆ ಸೂಜಿ ಚುಚ್ಚೂತನಕ ನಿಮ್ಮ ಈ ಕೈ ಹಿಡಕೊಂಡ ಕುಂತಿದ್ನೆಲ್ಲ, ನನಗೇನರ ಕೆಟ್ಟದ್ದಾತೇನು? ಕಟ್ರಿ. ಬಿಗಿ ಕಟ್ರಿ."

ಸಂಗವ್ವ ಸೆರಗಿಗೆ ಬೆರಳು ಒರೆಸಿಕೊಳ್ಳುತ್ತಾರೆ. ಮೊದಲ ಗಂಟು ಜಾರುತ್ತದೆ. ಎರಡನೆಯದು ನಿಲ್ಲುತ್ತದೆ. ಮಂಗಲಾ ತಾಳಿ ಬಿಚ್ಚಿ, ಕರವಸ್ತ್ರದಲ್ಲಿ ಸುತ್ತಿ ಅವರ ಕೈಗೇ ಕೊಟ್ಟು ಒಳಗೆ ಹೋಗುತ್ತಾರೆ. ಬಾಗಿಲು ಮುಚ್ಚುತ್ತದೆ. ಯಂತ್ರ ಬಡಿಯತೊಡಗುತ್ತದೆ.

ವರದಿಯಲ್ಲಿ ಏನು ಬಂತೆಂದು ಸಂಗವ್ವನಿಗೆ ಯಾರೂ ಹೇಳುವುದಿಲ್ಲ, ಅವರೂ ಕೇಳುವುದಿಲ್ಲ. ಕಟ್ಟುವಾಗ ಹೇಗನ್ನಿಸಿತು ಎಂದು ಕೇಳಿದರೆ ಬಕೆಟ್ಟು ಎತ್ತಿಕೊಳ್ಳುತ್ತಾರೆ.

"ಏನ ಅನಸೂದರಿ? ಸ್ಕ್ಯಾನ್ ಆತು. ಅಕಿ ಹಂಗ ಹೊಳ್ಳಿ ಹೋಗಲಿಲ್ಲ."

ಎರಡು ಹೆಜ್ಜೆ ಹೋಗಿ ನಿಲ್ಲುತ್ತಾರೆ. "ನಾಳೆ ಯಾರರೆ ಕಟ್ರಿ ಅಂದ್ರ, ಕಟ್ಟತೇನಿ."